ಸೂಜಿಯಲ್ಲಿ ಉಳಿಸಿದ ದಾರ

ಹೊಲಿಗೆಯ ಹವ್ಯಾಸ ಯಾರಿಗೂ ಒಂದೇ ದಿನಕ್ಕೆ ಬಿಟ್ಟುಹೋಗುವುದಿಲ್ಲ. ನಾಡಿದ್ದು ಕೂತರಾಯಿತು ಎಂದು ಒಮ್ಮೆ ಮಡಚಿಡುತ್ತೇವೆ. ಬೀಗರು ಬರುತ್ತಾರೆಂದು ಮಂಚದ ಕೆಳಗೆ ಸರಿಸುತ್ತೇವೆ. ಮಳೆಗಾಲದ ಥಂಡಿಗೆ ಬೂಸು ಹಿಡಿದೀತೆಂದು ಟ್ರಂಕಿಗೆ ಹಾಕುತ್ತೇವೆ. ಟ್ರಂಕಿನ ಮೇಲೆ ಹಳೇ ಪೇಪರು ಏರುತ್ತವೆ, ಪೇಪರಿನ ಮೇಲೆ ಯಾರದೋ ಮದುವೆಯಲ್ಲಿ ಕೊಟ್ಟ ಸ್ಟೀಲು ಡಬ್ಬಿಗಳು ಏರುತ್ತವೆ. ಅಷ್ಟಾದ ಮೇಲೆ ಯಾರಾದರೂ “ಈಗ ಏನೂ ಹೊಲಿಯೂದಿಲ್ಲೇನ್ರಿ?” ಎಂದು ಕೇಳಿದರೆ, “ಮೊದಲಿನ ಉಮೇದಿ ಉಳಿದಿಲ್ಲರಿ” ಎಂದುಬಿಡುತ್ತೇವೆ.

ನಾನೂ ಬಹಳ ಕಾಲ ಹಾಗೇ ಹೇಳಿಕೊಂಡು ಬಂದವಳು. ಉಮೇದಿ ಎಂಬುದು ಮನಸ್ಸಿನೊಳಗಿನ ಸರಕು, ಅದು ತೀರಿಹೋದರೆ ತಾನಾಗಿಯೇ ತುಂಬಿಕೊಳ್ಳುವವರೆಗೆ ಕಾಯಬೇಕು ಎಂದು ನಾವೆಲ್ಲ ನಂಬಿರುತ್ತೇವೆ. ಮತ್ತೆ ಸೂಜಿ ಹಿಡಿದ ಮೇಲೆ ನನಗೆ ಬೇರೆಯೇ ಅನಿಸಿದೆ. ಉಮೇದಿಯನ್ನು ಮನಸ್ಸಿನಲ್ಲಿ ಹುಡುಕುವ ಬದಲು ಮನೆಯಲ್ಲಿ ಹುಡುಕಬೇಕು. ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆ, ಬಟ್ಟೆ ಹಾಸಲು ಜಾಗ ಇದೆಯೇ, ಸೂಜಿಗೆ ದಾರ ಪೋಣಿಸಿದೆಯೇ, ಎದುರಿಗೆ ಕೂತು ಮಾತಾಡುವವರು ಯಾರು, ನಿನ್ನೆ ಏಳುವಾಗ ಕೆಲಸವನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಎದ್ದೆವು – ಹವ್ಯಾಸ ಬದುಕುವುದೂ ಸೊರಗುವುದೂ ಈ ಸಣ್ಣ ಸಂಗತಿಗಳಲ್ಲಿ. ನಮ್ಮ ಕಡೆಯ ಕೌದಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ನನ್ನ ಅಜ್ಜನ ಮನೆ ನವಲಗುಂದದ ಕಡೆಯ ಎರಿ ಭೂಮಿಯ ಊರಿನಲ್ಲಿತ್ತು. ಸುಗ್ಗಿ ಮುಗಿದು, ಜೋಳ ಹಗೇವಿಗೆ ಇಳಿದು, ಯುಗಾದಿ ದಾಟಿದ ಮೇಲೆ ಹೆಂಗಸರ ಕೈಗೆ ಸ್ವಲ್ಪ ಬಿಡುವು ಸಿಗುತ್ತಿತ್ತು. ಮುಂಗಾರು ಹಿಡಿಯುವುದರೊಳಗೆ ಕೌದಿ ಮುಗಿಯಬೇಕು, ಯಾಕೆಂದರೆ ಮಳೆಯ ತಂಪಿಗೆ ಹೊದೆಯಲು ಅದೇ ಬೇಕು. ಪಡಸಾಲೆಯನ್ನು ಸಾರಿಸಿ, ಒಣಗಿದ ಮೇಲೆ ಹಳೆಯ ಇಳಕಲ್ಲ ಸೀರೆಯೊಂದನ್ನು ಹಾಸಿ, ನಾಲ್ಕು ಮೂಲೆಗೆ ನಾಲ್ಕು ತುಂಬಿದ ತಂಬಿಗೆ ಇಡುತ್ತಿದ್ದರು. ಆ ಸೀರೆ ಹಾಸಿತೆಂದರೆ ಮುಗಿಯುವ ತನಕ ಅಲ್ಲಿಂದ ಏಳುತ್ತಿರಲಿಲ್ಲ. ಗಂಡಸರು ಅದನ್ನು ಬಳಸಿಕೊಂಡು ಓಡಾಡುತ್ತಿದ್ದರು. ರೊಟ್ಟಿ ಬಡಿದು ಎದ್ದ ಚಿಗವ್ವ ಕೈ ತೊಳೆದು ಬಂದು ಒಂದು ಸಾಲು ಹಾಕಿ ಹೋಗುವಳು. ಮೊಸರು ಕೊಡಲು ಬಂದ ನೆರೆಮನೆಯಾಕೆ ಗಡಿಗೆ ಇಳಿಸಿ, ಮಾತಾಡುತ್ತ ಆಡುತ್ತ ಎರಡು ಗೇಣು ಹೊಲಿದಿರುತ್ತಿದ್ದಳು. ‘ಇವತ್ತು ಹೊಲಿಯಲೇ ಬೇಡವೇ’ ಎಂಬ ಪ್ರಶ್ನೆ ಯಾರ ತಲೆಯಲ್ಲೂ ಏಳುತ್ತಿರಲಿಲ್ಲ. ಕೆಲಸ ಕಣ್ಣೆದುರಿಗೆ ಬಿದ್ದಿತ್ತು, ಸೂಜಿ ಅದರಲ್ಲೇ ನಿಂತಿತ್ತು.

ಕೌದಿಯ ಒಳಗು ಹೇಗಿರುತ್ತದೆಂದು ಹೊದ್ದವರಿಗೆ ಗೊತ್ತಿರುವುದಿಲ್ಲ, ಹೊಲಿದವರಿಗೇ ಗೊತ್ತು. ಕೆಳಗೊಂದು ಸೀರೆ. ಅದರ ಮೇಲೆ ಹರಿದ ಧೋತರದ ತುಂಡುಗಳು, ಬಣ್ಣ ಹೋದ ಲುಂಗಿ, ಪರಕಾರದ ಅರಿವೆ. ಇವನ್ನು ಒಂದರ ಮೇಲೊಂದು ಸುಮ್ಮನೆ ಪೇರಿಸಿದರೆ ಆಗದು. ಸವೆದು ಜಾಳಾದ ಕಡೆ ಇನ್ನೊಂದು ತುಂಡು ಕೊಡಬೇಕು, ಎರಡು ತುಂಡು ಕೂಡುವಲ್ಲಿ ಉಬ್ಬು ಬಾರದಂತೆ ಒಂದರ ಅಂಚನ್ನು ಇನ್ನೊಂದರ ಕೆಳಗೆ ತೂರಿಸಬೇಕು. ಅಂಗೈಯಲ್ಲಿ ನಡುವಿನಿಂದ ಹೊರಗೆ ಸವರುತ್ತ ಹೋದರೆ ಎಲ್ಲಿ ಗಂಟು, ಎಲ್ಲಿ ತೆಳು ಎಂದು ತಿಳಿಯುತ್ತದೆ. ಮೇಲೆ ಮತ್ತೊಂದು ಸೀರೆ, ಅಥವಾ ಬಣ್ಣಬಣ್ಣದ ಚೂರುಗಳನ್ನು ಕೂಡಿಸಿದ ಹೊದಿಕೆ. ಗುಳೇದಗುಡ್ಡದ ಖಣದ ಚೂರಿದ್ದರೆ ಅದಕ್ಕೆ ನಡುವಿನ ಮರ್ಯಾದೆಯ ಜಾಗ. ಪದರುಗಳು ಸರಿಯದ ಹಾಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಒಂದು ಬೆರಳಗಲಕ್ಕೆ ಒಂದರಂತೆ ಸಾಲು. ಹೊಲಿಗೆಯೋ ತೀರ ಸರಳ – ಸೂಜಿ ಕೆಳಗಿಳಿದು ಮೇಲೆ ಬರುವುದು, ಅಷ್ಟೇ. ಬಂಗಾಳದ ಕಂಥಾ, ಬಿಹಾರದ ಸುಜನಿ, ಮರಾಠಿಗರ ಗೋಧಡಿ ಎಲ್ಲಕ್ಕೂ ಇದೇ ಹೊಲಿಗೆ ಮೂಲ. ಹಳೆಯ ಅರಿವೆಯನ್ನು ಬಿಸಾಡಲು ಮನಸ್ಸಾಗದ ಹೆಣ್ಣುಮಕ್ಕಳು ಎಲ್ಲೆಲ್ಲಿದ್ದಾರೋ ಅಲ್ಲೆಲ್ಲ ಈ ಹೊಲಿಗೆ ಇದೆ.

ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ವಯಸ್ಸಾಗಿ ಕಣ್ಣು ಮಂಜಾಗಿತ್ತು. ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಆದರೆ ಹೊಲಿಯಲು ಅದೇನೂ ಅಡ್ಡಿಯಾಗಿರಲಿಲ್ಲ. ಪದರುಗಳ ದಪ್ಪ ಅವಳ ಬೆರಳಿಗೆ ಗೊತ್ತು. ಹಾಗಾಗಿ ಮುಂಜಾನೆ ನಾವು ಮಕ್ಕಳು ಆಡಲು ಓಡುವ ಮುಂಚೆ ಕರೆಯುತ್ತಿದ್ದಳು. “ಬಾರವ್ವಾ, ಎಳೀ ಕಣ್ಣು ನಿಂದು. ಇವಿಷ್ಟು ಪೋಣಿಸಿ ಕೊಟ್ಟು ಹೋಗು.” ಒಂದು ಕಂಬಳಿ ಚೂರಿಗೆ ಸಾಲಾಗಿ ಚುಚ್ಚಿದ ಸೂಜಿಗಳು. ಕುರಿಯ ಉಣ್ಣೆಯಲ್ಲಿರುವ ಜಿಡ್ಡು ಸೂಜಿಗೆ ತುಕ್ಕು ಹಿಡಿಯಗೊಡುವುದಿಲ್ಲ, ಅದಕ್ಕೇ ಕಂಬಳಿ. ಪ್ರತಿಯೊಂದಕ್ಕೂ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದದ ದಾರ, ಅದಕ್ಕಿಂತ ಉದ್ದ ಮಾಡಿದರೆ ಸಿಕ್ಕು ಬೀಳುತ್ತದೆಂದು ಗದರುತ್ತಿದ್ದಳು. ಪೋಣಿಸಿದ ಮೇಲೆ ದಾರವನ್ನು ಮೇಣದ ತುಂಡಿನ ಮೇಲೆ ಎಳೆದು ಕೊಡಬೇಕು. ಅಷ್ಟು ಮಾಡಿಕೊಟ್ಟರೆ ಮಧ್ಯಾಹ್ನದ ತನಕ ಅವಳಿಗೆ ಯಾರ ಹಂಗೂ ಇಲ್ಲ.

ಇನ್ನೊಂದು ರೂಢಿ ಅವಳದಿತ್ತು, ಅದನ್ನು ನಾನು ಎಷ್ಟೋ ವರ್ಷ ದೇವರು ದಿಂಡರ ಲೆಕ್ಕದ ನಂಬಿಕೆ ಎಂದೇ ತಿಳಿದಿದ್ದೆ. ಸಂಜೆ ಏಳುವಾಗ ಸೂಜಿಯಲ್ಲಿ ದಾರ ಅರ್ಧದಷ್ಟಾದರೂ ಉಳಿದಿರಬೇಕು. ದಾರ ತೀರಿತೋ, ಇನ್ನೊಂದು ಸೂಜಿ ತಗೊಂಡು ನಾಲ್ಕು ಹೊಲಿಗೆ ಹಾಕಿ, ಸೂಜಿಯನ್ನು ಮುಂದಿನ ಹೊಲಿಗೆ ಬೀಳಬೇಕಾದ ಜಾಗದಲ್ಲೇ ಚುಚ್ಚಿ ಏಳುತ್ತಿದ್ದಳು. ಚಿಗವ್ವ ಒಮ್ಮೆ ಸಾಲು ಮುಗಿಸಿ, ದಾರ ಕತ್ತರಿಸಿ ಎದ್ದಾಗ ಆಯಿ ಅಂದಳು: “ಹಂಗ ಕಡದು ಎದ್ರ ನಾಳೆ ಯಾರು ಬಂದು ಕೂಡತಾರ? ಸೂಜಿ ಕಾಯ್ಕೋತ ಇದ್ರ ಕೈ ತಾನ ಬರತದ.” ಈ ಮಾತಿನ ಬೆಲೆ ನನಗೆ ತಿಳಿಯಬೇಕಾದರೆ ನನ್ನದೇ ಹೊಲಿಗೆ ಟ್ರಂಕು ಸೇರಬೇಕಾಯಿತು.

ನನ್ನ ಹೊಲಿಗೆ ಶುರುವಾದದ್ದು ಕೌದಿಯಿಂದಲ್ಲ, ಕಸೂತಿಯಿಂದ. ಧಾರವಾಡದಲ್ಲಿ ಬೆಳೆದ ಹುಡುಗಿಯರಿಗೆ ಅದು ಓದು ಬರಹದಷ್ಟೇ ಸಹಜವಾಗಿತ್ತು. ಗವಂತಿ, ಮುರಗಿ, ನೇಗಿ, ಮೆಂತೆ – ನಾಲ್ಕೇ ಬಗೆಯ ಹೊಲಿಗೆಯಲ್ಲಿ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ ಎಲ್ಲ ಮೂಡುತ್ತಿದ್ದವು. ಕಸೂತಿಗೆ ಗಂಟು ಹಾಕುವಂತಿಲ್ಲ, ಮುದ್ರೆ ಒತ್ತಿಕೊಳ್ಳುವಂತಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಸಂದುಗಳನ್ನು ತುಂಬುವುದರಿಂದ ಸೀರೆಯ ಒಳಮೈ ಹೊರಮೈ ಎರಡೂ ಒಂದೇ ಥರ ಕಾಣುತ್ತವೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಬಿಳಿ, ಕೆಂಪು, ಹಸಿರು ರೇಷ್ಮೆ ಎಳೆಗಳ ತೇರು ಮೂಡಿ ನಿಂತಾಗ ಆಗುತ್ತಿದ್ದ ಹಿಗ್ಗನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ನಲವತ್ತು ದಾಟಿ ಚಾಳೀಸು ಬಂದಿತು. ಕಪ್ಪು ಬಟ್ಟೆಯ ಮೇಲೆ ಕಪ್ಪು ಎಳೆ ಎಣಿಸುವುದು ಕನ್ನಡಕವಿದ್ದರೂ ಕಷ್ಟ. ಒಂದು ಎಳೆ ತಪ್ಪಿದರೆ ಗೋಪುರದ ಶಿಖರ ವಾಲುತ್ತದೆ, ಬಿಚ್ಚಬೇಕು, ಬಿಚ್ಚಿದಲ್ಲಿ ಬಟ್ಟೆ ಗಾಯಗೊಳ್ಳುತ್ತದೆ. ನಲವತ್ತರ ನಂತರ ಹೊಲಿಗೆ ಬಿಡುವ ಎಷ್ಟೋ ಹೆಂಗಸರಲ್ಲಿ ಆಸಕ್ತಿ ಹೋಗಿರುವುದಿಲ್ಲ, ಕಣ್ಣು ಹೋಗಿರುತ್ತದೆ. ಆದರೆ ಅದನ್ನು ಯಾರೂ ಕಣ್ಣಿನ ಲೆಕ್ಕಕ್ಕೆ ಬರೆಯುವುದಿಲ್ಲ, ಮನಸ್ಸಿನ ಲೆಕ್ಕಕ್ಕೆ ಬರೆಯುತ್ತಾರೆ. ಇದು ನನಗೆ ಬಹಳ ಸಂಕಟ ಕೊಡುವ ಸಂಗತಿ. ಒಂದು ಒಳ್ಳೆಯ ದೀಪ, ಸರಿಯಾದ ನಂಬರಿನ ಕನ್ನಡಕ, ಚಿಲ್ಲರೆ ಕಾಸಿಗೆ ಸಿಗುವ ದಾರ ಪೋಣಿಸುವ ತಂತಿ – ಇಷ್ಟರಿಂದ ಸರಿಹೋಗುವುದನ್ನು ‘ನನಗೆ ಈಗ ಯಾವುದರಲ್ಲೂ ರುಚಿಯಿಲ್ಲ’ ಎಂಬ ದೊಡ್ಡ ದುಃಖವಾಗಿ ಹೊತ್ತು ತಿರುಗುವವರನ್ನು ಕಂಡಿದ್ದೇನೆ.

ಮನೆಗಳೂ ಬದಲಾದವು. ಪಡಸಾಲೆ ಹೋಗಿ ಹಾಲ್ ಬಂತು. ಹಾಲಿನ ನಡುವೆ ಸೋಫಾ, ಟೀಪಾಯಿ. ಒಂದು ಕೌದಿ ಹಾಸಬೇಕಾದರೆ ಮೊದಲು ಟೀಪಾಯಿ ಎತ್ತಬೇಕು, ಸಂಜೆ ಯಾರಾದರೂ ಬರುವುದರೊಳಗೆ ಮಡಚಿ ಒಳಗಿಡಬೇಕು. ಹಾಸುವುದು, ಮಡಚುವುದು, ಮಡಚುವಾಗ ಸರಿದ ಪದರುಗಳನ್ನು ಮರುದಿನ ಮತ್ತೆ ಸವರಿ ಸರಿಮಾಡುವುದು – ಹೊಲಿಯುವುದಕ್ಕಿಂತ ಈ ಕೆಲಸವೇ ಹೆಚ್ಚಾದ ಮೇಲೆ ಯಾರ ಕೈ ತಾನೇ ಮುಂದೆ ಬಂದೀತು? ಅರಿವೆಯೂ ಬದಲಾಯಿತು. ಸಾವಿರ ಸಲ ಒಗೆಸಿಕೊಂಡ ಹತ್ತಿಯ ಸೀರೆಯಲ್ಲಿ ಸೂಜಿ ತಾನಾಗಿ ಇಳಿಯುತ್ತದೆ. ಪಾಲಿಯೆಸ್ಟರ್ ಸೀರೆ ಸವೆಯುವುದೂ ಇಲ್ಲ, ಮೆತ್ತಗಾಗುವುದೂ ಇಲ್ಲ. ಪದರುಗಳ ನಡುವೆ ಜಾರುತ್ತದೆ, ಬೆವರು ಹೀರುವುದಿಲ್ಲ. ಮನೆಯ ಹಳೆಯ ಬಟ್ಟೆಯೆಲ್ಲ ಪಾಲಿಯೆಸ್ಟರ್ ಆದಾಗ ಕೌದಿಗೆ ಬೇಕಾದ ಮೂಲ ಸಾಮಾನೇ ಮನೆಯಿಂದ ಮಾಯವಾಯಿತು. ಅಂಗಡಿಯಿಂದ ಹೊಸ ಹತ್ತಿ ಬಟ್ಟೆ ತಂದು ಕತ್ತರಿಸಿ ಕೂಡಿಸುವುದು ಒಂದು ಪದ್ಧತಿ, ಅದರಲ್ಲೂ ಸೊಗಸಿದೆ. ಆದರೆ ತಂದಿಟ್ಟ ಬಟ್ಟೆ ಕಪಾಟು ತುಂಬಿದಷ್ಟೂ ಕತ್ತರಿ ಹಾಕುವ ಧೈರ್ಯ ಕುಗ್ಗುತ್ತದೆ. ಹಳೆಯ ಅರಿವೆಗೆ ಆ ಭಯವಿಲ್ಲ, ಅದು ಆಗಲೇ ಒಂದು ಬಾಳು ಬಾಳಿ ಬಂದಿರುತ್ತದೆ.

ನನ್ನನ್ನು ಮತ್ತೆ ಎಬ್ಬಿಸಿ ಕೂರಿಸಿದ್ದು ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು. ಧಾರವಾಡದಿಂದ ಹಳಿಯಾಳ ದೂರವೇನಲ್ಲ. ಎರಿ ಭೂಮಿ ಮುಗಿದು ಕಾಡು ಶುರುವಾಗುವ ಸೀಮೆ ಅದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಊರುಗಳಲ್ಲಿರುವ ಸಿದ್ದಿಯರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಮೂರೂ ಧರ್ಮದ ಮನೆಗಳಲ್ಲಿ ಹೆಂಗಸರು ಕೌದಿ ಹೊಲಿಯುತ್ತಾರೆ. ಒಂದರಲ್ಲಿ ಶಿಲುಬೆ, ಇನ್ನೊಂದರಲ್ಲಿ ಅರ್ಧಚಂದ್ರ ತುಂಡುಗಳ ನಡುವೆ ಕಾಣಿಸಿಕೊಳ್ಳುವುದುಂಟು.

ಅಲ್ಲಿ ಒಂದು ಜಗಲಿಯ ಮೇಲೆ ಕೂತು ಒಬ್ಬ ಹಿರಿಯಾಕೆಯ ಕೈಯನ್ನು ನೋಡಿದೆ. ಆಕೆ ಮೊದಲೇ ಚೂರುಗಳನ್ನು ಕೂಡಿಸಿ ಮೇಲುಹೊದಿಕೆ ಮಾಡಿಕೊಂಡಿರಲಿಲ್ಲ. ಕೆಳಗೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಅಂಚಿನಗುಂಟ ಚೂರೊಂದನ್ನು ಇಟ್ಟು ಹೊಲಿದು, ಅದರ ಪಕ್ಕ ಇನ್ನೊಂದನ್ನು ಇಟ್ಟು ಹೊಲಿದು, ಹೊಲದ ಬದುವಿನಿಂದ ನೇಗಿಲು ಸುತ್ತು ಹಾಕುತ್ತ ಒಳಗೆ ಬರುವ ಹಾಗೆ ನಾಲ್ಕೂ ಅಂಚು ಸುತ್ತಿ ನಡುವಿನತ್ತ ಬರುತ್ತಿದ್ದಳು. ಮುಂದಿನ ಚೂರು ಯಾವುದು ಎಂದು ತೀರ್ಮಾನವಾಗುತ್ತಿದ್ದುದು ಹಿಂದಿನ ಚೂರು ಹೊಲಿದು ಮುಗಿದ ಮೇಲೆಯೇ. ಮಡಿಲ ಪಕ್ಕದ ಗಂಟಿನಿಂದ ಒಂದು ಹಳದಿ ಚೂರು ತೆಗೆದು ಇಟ್ಟು ನೋಡಿದಳು, ತಲೆಯಲ್ಲಾಡಿಸಿ ತೆಗೆದಳು. ಕೆಂಪು ಗೀರಿನ ಅಂಗಿಯ ತೋಳೊಂದನ್ನು ಹರಿದು ಅಗಲ ಮಾಡಿ ಇಟ್ಟಳು, ಅಂಚನ್ನು ಹೆಬ್ಬೆರಳಿನಿಂದ ಒಳಕ್ಕೆ ಮಡಚಿ ಸೂಜಿ ಹಾಕಿದಳು. ಅಳತೆ ಪಟ್ಟಿಯಿಲ್ಲ, ಸೀಮೆಸುಣ್ಣದ ಗೆರೆಯಿಲ್ಲ. ಮುಗಿದ ಮೇಲೆ ನಾಲ್ಕು ಮೂಲೆಗೂ ಸಣ್ಣ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ‘ಫುಲಾ’ ಹಚ್ಚುತ್ತಾರೆ, ಹೂವು. ಅದಿಲ್ಲದಿದ್ದರೆ ಕೌದಿ ಬತ್ತಲೆ ಇದ್ದಂತೆ ಎಂಬುದು ಅವರ ಮಾತು.

ಈ ಕೌದಿಗಳ ಬಗ್ಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಅಲ್ಲಿ ಇವು ಪ್ರದರ್ಶನವನ್ನೂ ಕಂಡಿವೆ. ಇವನ್ನು ನೋಡಿದವರಿಗೆ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕ್ವಿಲ್ಟುಗಳು ನೆನಪಾಗದೆ ಇರುವುದಿಲ್ಲ. ಅಲ್ಲಿನ ಹೆಂಗಸರೂ ಆಫ್ರಿಕಾದಿಂದ ಒಯ್ದ ಗುಲಾಮರ ಸಂತತಿಯವರು. ಹತ್ತಿ ಹೊಲದಲ್ಲಿ ದುಡಿದು ಸವೆದ ಡೆನಿಮ್ ಪ್ಯಾಂಟು ಅಂಗಿಗಳಿಂದಲೇ ಕ್ವಿಲ್ಟು ಹೊಲಿದರು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ವಸ್ತುಸಂಗ್ರಹಾಲಯದಲ್ಲಿ ಅವು ಗೋಡೆಯೇರಿದಾಗ ಆಧುನಿಕ ಚಿತ್ರಕಲೆಗೆ ಸಮನಾಗಿ ನಿಲ್ಲುತ್ತವೆಂದು ಜನ ಬೆರಗಾದರು. ನನಗೆ ಬೆರಗಿಗಿಂತ ಮಿಗಿಲಾಗಿ ಅನಿಸಿದ್ದು ಧೈರ್ಯ. ನಕ್ಷೆ ಹಾಕಿಕೊಳ್ಳದೆ, ಕೈಗೆ ಸಿಕ್ಕ ಚೂರಿನಿಂದ ಶುರುಮಾಡಿ, ಅಂಥದ್ದನ್ನು ಮಾಡಬಹುದು. ಇಡೀ ಕೌದಿಯ ಭಾರವನ್ನು ತಲೆಯ ಮೇಲೆ ಹೊತ್ತು ಕೂರಬೇಕಿಲ್ಲ. ಅಂಚಿನಿಂದ ಶುರುಮಾಡಿದವಳಿಗೆ ಮುಂದಿನ ಹೊಲಿಗೆ ಎಲ್ಲಿ ಎಂಬ ಅನುಮಾನ ಎಂದೂ ಬರುವುದಿಲ್ಲ.

ಊರಿಗೆ ಬಂದು ನಾನು ಮೊದಲು ಮಾಡಿದ್ದು ಟೀಪಾಯಿಯನ್ನು ಶಾಶ್ವತವಾಗಿ ಹಿತ್ತಲ ಕೋಣೆಗೆ ಕಳಿಸಿದ್ದು. ಪೂರ್ವದ ಕಿಟಕಿಯ ಕೆಳಗೆ ಒಂದು ಚಾಪೆ ಹಾಸಿ, ಇದು ಹೊಲಿಗೆಯ ಜಾಗ, ಇದನ್ನು ಯಾರೂ ಎತ್ತಬಾರದು ಎಂದು ಮನೆಯಲ್ಲಿ ಹೇಳಿದೆ. ಹೇಳಬೇಕು, ಹೆಂಗಸರ ಹವ್ಯಾಸಕ್ಕೆ ಮನೆಯಲ್ಲಿ ಒಂದು ಚಾಪೆಯಷ್ಟಾದರೂ ಜಾಗ ಬೇಕು ಎಂಬುದನ್ನು ಬಾಯಿಬಿಟ್ಟು ಹೇಳದೆ ಯಾರಿಗೂ ತಿಳಿಯುವುದಿಲ್ಲ.

ಕೌದಿಗೆ ನೇರ ಕೈ ಹಾಕಲಿಲ್ಲ. ಕೆಲವು ವಾರ ತೇಪೆಯ ಕೆಲಸ. ಹರಿದ ದಿಂಬಿನ ಗಲೀಫು, ಬಿಚ್ಚಿದ ಸೀರೆ ಫಾಲು, ಗುಂಡಿ ಹೋದ ಅಂಗಿ. ಬಹಳ ದಿನ ಬಿಟ್ಟ ಕೈಗೆ ತೇಪೆಯಷ್ಟು ಒಳ್ಳೆಯ ಗುರು ಇಲ್ಲ. ಕೂತಲ್ಲೇ ಮುಗಿಯುತ್ತದೆ, ಅಂದವಾಗಿರಲೇಬೇಕೆಂಬ ಒತ್ತಾಯವಿಲ್ಲ, ಮುಗಿದ ಕೂಡಲೆ ಯಾರೋ ತೊಟ್ಟುಕೊಂಡು ಹೊರಡುತ್ತಾರೆ. ಬೆರಳಿಗೆ ಸೂಜಿಯ ಓಟ ಮತ್ತೆ ಹತ್ತುತ್ತದೆ. ಪೋಣಿಸುವ ಉಪಾಯಗಳೂ ಮರಳಿ ನೆನಪಾದವು: ದಾರದ ತುದಿಯನ್ನು ಓರೆಯಾಗಿ ಕತ್ತರಿಸುವುದು, ದಾರವನ್ನು ನೆನೆಸುವ ಬದಲು ಸೂಜಿಯ ಕಣ್ಣಿಗೆ ಎಂಜಲು ಮುಟ್ಟಿಸುವುದು, ಹಿಂದೆ ಒಂದು ಬಿಳಿ ಕಾಗದ ಹಿಡಿಯುವುದು.

ಮಶೀನಿನ ಸರದಿ ಆಮೇಲೆ. ಕಾಲಲ್ಲಿ ತುಳಿಯುವ ಹಳೆಯ ಮಶೀನು, ಅವ್ವನದು. ಚಕ್ರ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಬಹಳ ಕಾಲ ಓಡಿಸದೆ ಬಿಟ್ಟರೆ ಹಾಕಿದ ಎಣ್ಣೆಯೇ ಗೋಂದಾಗಿ ಕೀಲುಗಳನ್ನು ಹಿಡಿದುಬಿಡುತ್ತದೆ. ಪಟ್ಟಿ ಬಿಚ್ಚಿ, ಎಣ್ಣೆಯ ತೂತುಗಳಿಗೆ ಒಂದೊಂದು ಹನಿ ಸೀಮೆಎಣ್ಣೆ ಬಿಟ್ಟು, ರಾತ್ರಿಯೆಲ್ಲ ಹಾಗೇ ಇಟ್ಟೆ. ಮುಂಜಾನೆ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿದಾಗ ಕರಿಗೆಂಪು ಜಿಡ್ಡು ಇಳಿದುಬಂತು. ಶಟಲ್ ಬಿಚ್ಚಿದರೆ ಒಳಗೆ ವರ್ಷಗಳ ನೂಲಿನ ಧೂಳು ಬೂದು ಬಣ್ಣದ ಮುದ್ದೆಯಾಗಿ ಕೂತಿತ್ತು; ಅದರಲ್ಲಿ ನನ್ನ ಕಾಲೇಜಿನ ಕಾಲದ ನೇರಳೆ ಬಣ್ಣದ ಎಳೆಯೊಂದು ಸಿಕ್ಕಿತು. ಎಲ್ಲ ಒರೆಸಿ, ಮಶೀನಿನ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿ ತುಳಿದೆ. ಐಸಾಕ್ ಸಿಂಗರ್ 1851ರಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟು ಪಡೆದ ಮೇಲೆ ಇದು ಜಗತ್ತಿನ ಮನೆಮನೆಗೂ ಹೊಕ್ಕಿತು. ಯಂತ್ರಗಳ ವಿಷಯದಲ್ಲಿ ಅಷ್ಟು ಕಟುವಾಗಿದ್ದ ಗಾಂಧೀಜಿ ಕೂಡ 1924ರಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸುತ್ತ, ಮನುಷ್ಯ ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಸಿಂಗರ್ ಹೊಲಿಗೆ ಯಂತ್ರವೂ ಒಂದು ಎಂದು ಅದಕ್ಕೆ ವಿನಾಯಿತಿ ಕೊಟ್ಟರು. ನನಗೆ ಆ ವಿನಾಯಿತಿ ಬಹಳ ಪ್ರಿಯ. ಮಶೀನು ಬೇಸರದ ಭಾಗವನ್ನು ಬೇಗ ಮುಗಿಸಿಕೊಡುತ್ತದೆ: ಉದ್ದುದ್ದ ಪಟ್ಟಿಗಳನ್ನು ಕೂಡಿಸುವುದು, ಅಂಚು ಮಡಚುವುದು. ಪದರು ಪದರಿನ ಕೌದಿ ಮಾತ್ರ ಅದರ ಹಲ್ಲಿಗೆ ಸಿಗುವುದಿಲ್ಲ, ಅದು ಕೈಯದೇ ಕೆಲಸ.

ಅವ್ವನ ಸೀರೆಗಳಿಗೆ ಕತ್ತರಿ ಹಾಕುವ ವಿಷಯದಲ್ಲಿ ಬಹಳ ದಿನ ತಡೆದೆ. ಒಂದು ಹಸಿರು ಇಳಕಲ್ಲ, ಕೆಂಪು ತೋಪತೆನಿ ಸೆರಗಿನದು. ಇಳಕಲ್ಲ ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ಮಗ್ಗದ ಮೇಲೇ ಕೊಂಡಿ ಹಾಕಿ ಎಳೆಗೆಳೆ ಕೂಡಿಸುತ್ತಾರೆ. ಎಷ್ಟೇ ಸವೆದರೂ ಆ ಕೊಂಡಿ ಬಿಡುವುದಿಲ್ಲ. ಮೈ ಭಾಗ ಜಾಳಾಗಿ ಬೆಳಕು ಹಾಯುತ್ತಿತ್ತು, ಸೆರಗು ಮಾತ್ರ ಗಟ್ಟಿಯಿತ್ತು. ಟ್ರಂಕಿನಲ್ಲಿಟ್ಟರೆ ಮಡಿಕೆಯಲ್ಲೇ ಸೀಳಿಹೋಗುತ್ತದೆ ಎಂಬುದು ಕೈಗೆ ತಿಳಿಯುತ್ತಿತ್ತು. ಕತ್ತರಿಯನ್ನು ಮುಟ್ಟಿಸದೆ, ಹಳ್ಳಿಯಲ್ಲಿ ಮಾಡುವಂತೆ ಅಂಚಿಗೆ ಸಣ್ಣ ಕಚ್ಚು ಕೊಟ್ಟು ಎಳೆಗುಂಟ ಹರಿದೆ. ಪರ್‍ರೆಂದು ನೇರ ಹೋಯಿತು. ಜಾಳು ಮೈ ಒಳಪದರಾಯಿತು, ಸೆರಗು ಮೇಲುಹೊದಿಕೆಯ ನಡುವಿಗೆ ಬಂತು. ಈಗ ಅದು ದಿನಾ ಕಣ್ಣಿಗೆ ಬೀಳುತ್ತದೆ, ಕೈಗೆ ತಾಗುತ್ತದೆ. ಟ್ರಂಕಿನಲ್ಲಿದ್ದಾಗ ಅವ್ವ ಇಷ್ಟು ಹತ್ತಿರವಿರಲಿಲ್ಲ.

ಮೊದಲು ಹೊಲಿದದ್ದು ತೊಟ್ಟಿಲ ಕೌದಿ, ಪರಿಚಯದವರ ಮನೆಯ ಕೂಸಿಗೆ. ಬಿಟ್ಟು ಹಿಡಿಯುವವರಿಗೆ ತೊಟ್ಟಿಲಿನ ಅಳತೆಯೇ ಸರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ತೊಡೆಯ ಮೇಲೆ ಹರಡಿಕೊಂಡರೆ ಸಾಕು, ನೆಲ ಬೇಕಿಲ್ಲ. ಪದರು ಎರಡೋ ಮೂರೋ. ಕೂಸು ಹುಟ್ಟುವುದರೊಳಗೆ ಮುಗಿಯಲೇಬೇಕು ಎಂಬ ಗಡುವೂ ಇದೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಆಯಿ ಒಂದು ಚೂರು ರೊಟ್ಟಿ ಒಳಗಿಡುತ್ತಿದ್ದಳು, ಹೊದ್ದವರ ಹೊಟ್ಟೆ ಹಸಿಯದಿರಲಿ ಎಂದು. ನಾನು ರೊಟ್ಟಿಯ ಬದಲು ನಾಲ್ಕು ಕಾಳು ಜೋಳ ಇಟ್ಟು ಮುಚ್ಚಿದೆ.

ಉಮೇದಿ ಬಂದ ಮೇಲೆ ಇನ್ನು ಹೋಗದೆಂಬ ಭರವಸೆ ಯಾರಿಗೂ ಇಲ್ಲ. ಸೊಂಟ ಹಿಡಿದ ದಿನ, ಮನೆಯಲ್ಲಿ ಯಾರಿಗೋ ಜ್ವರ ಬಂದ ವಾರ, ಸುಮ್ಮನೆ ಮನಸ್ಸು ಮಂಕಾದ ಹೊತ್ತು ಇದ್ದೇ ಇರುತ್ತವೆ. ಅಂಥ ದಿನ ಸೂಜಿ ಮುಟ್ಟುವುದಿಲ್ಲ, ಆದರೆ ಚಾಪೆಯ ಮೇಲೆ ಕೂರುತ್ತೇನೆ. ಚೂರುಗಳನ್ನು ಬಣ್ಣದ ಮೇಲೆ ಬೇರೆ ಮಾಡುವುದು, ಹಳೇ ಅಂಗಿಯ ಗುಂಡಿ ಬಿಚ್ಚಿ ಡಬ್ಬಿಗೆ ಹಾಕುವುದು, ನಾಳೆಗೆ ಸೂಜಿಗಳಿಗೆ ದಾರ ಪೋಣಿಸಿ ಕಂಬಳಿ ಚೂರಿಗೆ ಚುಚ್ಚಿಡುವುದು. ಇವೂ ಹೊಲಿಗೆಯೇ. ಆಯಿಯ ರೂಢಿಯನ್ನಂತೂ ಬಿಟ್ಟಿಲ್ಲ. ಏಳುವಾಗ ಸೂಜಿಯಲ್ಲಿ ದಾರ ಇರುತ್ತದೆ, ಮುಂದಿನ ಹೊಲಿಗೆಯ ಜಾಗದಲ್ಲಿ ಸೂಜಿ ನಿಂತಿರುತ್ತದೆ. ಮರುದಿನ ಕಸ ಹೊಡೆಯುತ್ತ ಆ ಕಡೆ ಬಂದಾಗ ಆ ಅರ್ಧ ದಾರ ಕಂಡರೆ ಕಸಬರಿಗೆ ಗೋಡೆಗೆ ಆನಿಸಿ ಕೂತೇಬಿಡುತ್ತೇನೆ.

ಜೊತೆಯೂ ಕೂಡಿದೆ. ಪಕ್ಕದ ಮನೆಯವರು ಒಂದು ಮಧ್ಯಾಹ್ನ ಸಕ್ಕರೆ ಕೇಳಲು ಬಂದು ಕೂತವರು ಮರುದಿನ ತಮ್ಮ ಅರ್ಧಕ್ಕೆ ಬಿಟ್ಟ ಕ್ರೋಶಾ ತೋರಣ ತಂದರು. ಎದುರು ಸಾಲಿನ ನಿವೃತ್ತ ಶಿಕ್ಷಕಿಯೊಬ್ಬರು ಕೈಯಲ್ಲಿ ಏನೂ ತರುವುದಿಲ್ಲ, ಕೌದಿಯ ಇನ್ನೊಂದು ಅಂಚಿಗೆ ಕೂತು ನನ್ನ ಸಾಲಿಗೆ ಎದುರು ಸಾಲು ಹಾಕುತ್ತಾರೆ. ಅವರ ಹೊಲಿಗೆ ನನ್ನದಕ್ಕಿಂತ ದೊಡ್ಡದು, ಹಾಗಾಗಿ ಕೌದಿಯ ಮೇಲೆ ಇಬ್ಬರ ಕೈಯೂ ಬೇರೆ ಬೇರೆಯಾಗಿ ಕಾಣುತ್ತದೆ. ಬಿಚ್ಚಲೇ ಎಂದು ಅವರು ಕೇಳಿದ್ದರು. ಬೇಡವೆಂದೆ. ಅಜ್ಜನ ಮನೆಯ ಕೌದಿಗಳಲ್ಲೂ ಎಷ್ಟೋ ಕೈಗಳಿದ್ದವು, ಇದು ಚಿಗವ್ವನ ಸಾಲು, ಇದು ಮೊಸರಿನಾಕೆಯದು ಎಂದು ಗುರುತು ಹಿಡಿಯುತ್ತಿದ್ದೆವು.

ಈಗ ಕಿಟಕಿಯ ಕೆಳಗೆ ಹಾಸಿರುವುದು ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ತಮ್ಮನ ಮಗಳ ಕೌದಿ. ಅವಳು ತನ್ನ ಹಳೇ ಜೀನ್ಸ್ ಪ್ಯಾಂಟುಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದ್ದಾಳೆ. ಡೆನಿಮ್ ದಪ್ಪ, ಎರಡು ಪದರಿಗಿಂತ ಹೆಚ್ಚು ಕೂಡಿದರೆ ಸೂಜಿ ಮುರಿಯುತ್ತದೆ. ಅಂಚಿಗಷ್ಟೇ ಹಚ್ಚಿ ಎನ್ನುತ್ತಾರೆ ಶಿಕ್ಷಕಿ. ನನಗೆ ಮೊಣಕಾಲಿನಲ್ಲಿ ಸವೆದು ಬಿಳಿಚಿದ ಭಾಗ ನಡುವೆಯೇ ಬರಬೇಕೆಂದು ಆಸೆ. ಅಲ್ಲಿ ಬಟ್ಟೆ ತೆಳ್ಳಗಾಗಿದೆ, ಬಣ್ಣವೂ ಮುಗಿಲಿನದಾಗಿದೆ, ಹಸಿರು ಇಳಕಲ್ಲಿನ ಉಳಿದ ಪಟ್ಟಿಯ ಪಕ್ಕ ಚೆನ್ನಾಗಿ ಕೂಡುತ್ತದೆ. ಇಬ್ಬರೂ ಇಟ್ಟು ನೋಡಿ, ತೆಗೆದು ನೋಡಿ, ನಡುವಿಗೇ ಎಂದು ಒಪ್ಪಿದ್ದೇವೆ. ಹಿಂದೆ ಇನ್ನೊಂದು ಪದರು ಕೊಡದಿದ್ದರಾಯಿತು.

ಮೊನ್ನೆ ಅವಳ ಫೋನು ಬಂದಿತ್ತು. “ಅತ್ತಿ, ಯಾವಾಗ ಮುಗೀತದ?”

“ನೀ ಬಂದು ಒಂದ್ಹತ್ತು ಸಾಲು ಹೊಲದ್ರ ದೀಪಾವಳಿಗೆ ಮುಗೀತದ.”

ಬರುತ್ತೇನೆ, ಆದರೆ ನನಗೆ ದಾರಕ್ಕೆ ಗಂಟು ಹಾಕಲೂ ಬರುವುದಿಲ್ಲ ಎಂದಳು. ಗಂಟು ಬೇಕಾಗಿಲ್ಲ, ಅದೇ ಜಾಗದಲ್ಲಿ ಎರಡು ಸಲ ಹಿಂದಕ್ಕೆ ಹೊಲಿದು ಮುಂದೆ ಹೊರಟರೆ ದಾರ ಬಿಗಿಯಾಗಿ ನಿಲ್ಲುತ್ತದೆ ಎಂದು ಹೇಳಿದ್ದೇನೆ. ಬರುವಾಗ ದೊಡ್ಡ ಕಣ್ಣಿನ ಸೂಜಿಗಳದೊಂದು ಪಾಕೀಟು ತರಲು ಹೇಳಿದ್ದೇನೆ, ಡೆನಿಮ್ಮಿಗೆ ನನ್ನ ಹತ್ತಿರ ಇರುವವು ಸಾಲುವುದಿಲ್ಲ.